ಬೇಸಿಗೆಗೂ ಅವರೆ: ಗಿಡ್ಡ ಜಾತಿ ಬೀಜದ ಪೊಟ್ಟಣ ಹೇಗಿದೆ?

ಕೋಲಾರದಲ್ಲಿದ್ದುಕೊಂಡು ತಾರಸಿ ಮೇಲೆ ಟೊಮೆಟೊ ಬೆಳೆಯುವುದು ನನಗಂತೂ ಒಗ್ಗುವುದಿಲ್ಲ. ಎಪಿಎಂಸಿಗೆ ಲಾರಿಗಟ್ಟಲೆ ಟೊಮೆಟೊ ಬಂದು ಬೀಳುವ ಊರಿದು. ಅದಕ್ಕೆ ಕುಂಡ ಯಾಕೆ ದಂಡ ಮಾಡಬೇಕು? ನನಗೆ ಬೇಕಿದ್ದದ್ದು ಅವರೆ, ಅದೂ ಕಾಲ ಮುಗಿದ ಮೇಲೆ. ಸಂಕ್ರಾಂತಿ ಕಳೆದ ಮೇಲೆ ಬಸ್ ಸ್ಟ್ಯಾಂಡ್ ಕಡೆಯ ಒಂದು ಬೀಜ-ಗೊಬ್ಬರದ ಅಂಗಡಿಯಿಂದ 50 ರೂಪಾಯಿಯ ಪೊಟ್ಟಣ ತಂದೆ.

“ಅಕ್ಕಾ, ಇದು ಗಿಡ್ಡ ಜಾತಿ. ಚಪ್ಪರ ಬೇಡ, ಯಾವ ತಿಂಗಳು ಹಾಕಿದ್ರೂ ಕಾಯಿ ಬಿಡುತ್ತೆ” ಅಂದರು ಅಂಗಡಿಯವರು. ಮಾತು ಸುಳ್ಳಾಗಲಿಲ್ಲ.

ನಾಟಿ ಅವರೆ ಹೀಗೆ ಹೇಳಿದ ಮಾತು ಕೇಳುವುದಿಲ್ಲ. ಹಗಲು ಗಿಡ್ಡ ಆಗುವ ತನಕ ಅದು ಹೂವನ್ನೇ ಬಿಡುವುದಿಲ್ಲ. ನಮ್ಮ ಕಡೆ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವುದು ಒಂದೂವರೆ ಗಂಟೆಯಷ್ಟು ವ್ಯತ್ಯಾಸ. ಬಳ್ಳಿ ಅಷ್ಟನ್ನೂ ಲೆಕ್ಕ ಇಡುತ್ತದೆ! ಮುಂಗಾರಿನಲ್ಲಿ ರಾಗಿ ಜೊತೆ ಅಕ್ಕಡಿ ಸಾಲಿಗೆ ಹಾಕಿದ್ದು ಚಳಿಗಾಲಕ್ಕೆ ಕಾಯಿ ಕೊಡುವುದು ಅದಕ್ಕೇ. ಅದನ್ನೇ ಬೇಸಿಗೆಗೆ ಹಾಕಿದರೆ ಬರೀ ಬಳ್ಳಿ, ಬರೀ ಎಲೆ. ಈ ಕಟ್ಟಳೆ ಇಲ್ಲದ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ‘ಹೆಬ್ಬಾಳ ಅವರೆ’ ಹೆಸರಿನಲ್ಲಿ ಕೊಟ್ಟಿದ್ದಾರೆ. ನನ್ನ ಪೊಟ್ಟಣದ ಮೇಲೆ ಮಾತ್ರ ‘ಬುಷ್ ಅವರೆ’ ಅಂತಷ್ಟೇ ಇತ್ತು. ಯಾವ ತಳಿ, ಯಾರ ತಳಿ ಅಂತ ಇಲ್ಲ. ಅದು ನನ್ನ ಮೊದಲ ತಕರಾರು.

ಮೊಳಕೆಗೆ ಪೂರ್ತಿ ಅಂಕ. ಒಂದೆರಡು ಬಿಟ್ಟು ಎಲ್ಲ ಎದ್ದವು. ಗಿಡ ಮೊಣಕಾಲುದ್ದಕ್ಕೇ ನಿಂತಿತು, ಹೂಗೊನೆ ಎಲೆಗಳ ಮೇಲಕ್ಕೆ ಚಾಚಿತು. ಗೊಬ್ಬರ ಜಾಸ್ತಿ ಸುರಿಯಬೇಡಿ. ಅವರೆ ಬೇರಿನ ಗಂಟುಗಳಲ್ಲಿ ತನಗೆ ಬೇಕಾದ ಸಾರಜನಕವನ್ನು ತಾನೇ ಮಾಡಿಕೊಳ್ಳುತ್ತದೆ. ಅತಿಯಾದರೆ ಎಲೆ ಸೊಂಪು, ಕಾಯಿ ಸೊನ್ನೆ. ನೀರು ಮಾತ್ರ ತಪ್ಪಬಾರದು, ಮಾರ್ಚ್ ಬಿಸಿಲಿಗೆ ಹೂವು ಉದುರಿ ಹೋಗುತ್ತದೆ. ಎಳೆ ಕುಡಿಗೆ ಕಪ್ಪು ಹೇನು ಬಂತು. ಇರುವೆ ಸಾಲು ಹತ್ತಿದ ಕಡೆ ಹುಡುಕಿದರೆ ಸಾಕು, ಅಲ್ಲೇ ಇರುತ್ತದೆ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಹೊಡೆದೆ, ಹತೋಟಿಗೆ ಬಂತು.

ಯುಗಾದಿ ಹೊತ್ತಿಗೆ ಕಾಯಿ ತುಂಬಿದವು. ನಮ್ಮತ್ತೆ ಶ್ರೀನಿವಾಸಪುರದ ಕಡೆಯವರು, ಅವರೆ ವಿಷಯದಲ್ಲಿ ಸುಮ್ನೆ ಹೊಗಳುವವರಲ್ಲ. ಒಂದು ಕಾಯಿ ಕಿತ್ತು ಮೂಸಿ ನೋಡಿ, “ಸೊಗಡೇ ಇಲ್ವಲ್ಲೇ ಇದಕ್ಕೆ” ಅಂದರು. ನಿಜ. ಸೊಗಡು ಇರುವುದು ಸಿಪ್ಪೆ ಮೇಲಿನ ಅಂಟು ಜಿಡ್ಡಿನಲ್ಲಿ. ಚಳಿಗಾಲದ ನಾಟಿ ಕಾಯಿ ಒಂದು ಮೊರ ಬಿಡಿಸಿದರೆ ಬೆರಳು ಒಂದಕ್ಕೊಂದು ಅಂಟುತ್ತವೆ, ಉಗುರಂಚು ಕಪ್ಪಗಾಗುತ್ತದೆ, ಸೋಪು ಹಾಕಿ ತೊಳೆದರೂ ಘಮ ಹೋಗುವುದಿಲ್ಲ. ಇದನ್ನು ಬಿಡಿಸಿ ಎದ್ದರೆ ಕೈ ಒಣಗಿಯೇ ಇತ್ತು.

ಹಾಗಂತ ತೆಗೆದು ಹಾಕುವ ಬೀಜ ಅಲ್ಲ. ಎಂಟು ಕುಂಡದಿಂದ ಒಂದು ಕೊಯ್ಲಿಗೆ ಮನೆಮಂದಿಯ ಉಪ್ಪಿಟ್ಟಿಗೆ ಸಾಕಾಗುವಷ್ಟು ಕಾಳು ಸಿಕ್ಕಿತು. ಸಬ್ಬಸಿಗೆ ಸೊಪ್ಪು ಸೇರಿಸಿ ಅಕ್ಕಿರೊಟ್ಟಿಗೂ ಹಾಕಿದೆ, ಮಕ್ಕಳು ತಟ್ಟೆ ಖಾಲಿ ಮಾಡಿದರು. ಹಿತಕಿದ ಬೇಳೆ ಸಾರಿಗೆ ಮಾತ್ರ ಬೇಡ. ಕಾಳು ಸಣ್ಣದು, ಹಿತುಕಿ ಹಿತುಕಿ ಕೈ ಸೋಲುತ್ತದೆ. ಸಾರಿಗೂ ಮುದ್ದೆಗೂ ಬೇಕಾದ ಆ ಘಮ ಬರುವುದಿಲ್ಲ. ಅದಕ್ಕೆ ಡಿಸೆಂಬರ್ ತನಕ ಕಾಯಲೇಬೇಕು.

ಒಂದು ಎಚ್ಚರಿಕೆ. ಬೀಜ ಕೆಂಪಗೆ ಕಾಣುವುದು ಔಷಧಿ ಲೇಪಿಸಿರುವುದಕ್ಕೆ. ಉಳಿದದ್ದನ್ನು ಅಡುಗೆಗೆ ಹಾಕಬೇಡಿ, ಮಕ್ಕಳ ಕೈಗೂ ಸಿಗದಂತೆ ಇಡಿ. ಬಿತ್ತಿದ ಮೇಲೆ ಕೈ ತೊಳೆಯಿರಿ.

ಬೀಜಕ್ಕೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಅಂಗಡಿಗೆ ಎರಡೂವರೆ. ಪೊಟ್ಟಣಗಳನ್ನು ಬಾಗಿಲಲ್ಲೇ ಬಿಸಿಲಿಗೆ ನೇತು ಹಾಕಿದ್ದಾರೆ. ಕಾವು ತಗುಲಿದಷ್ಟೂ ಬೀಜದ ಮೊಳಕೆ ಶಕ್ತಿ ಕಮ್ಮಿಯಾಗುತ್ತದೆ ಅಲ್ವಾ? ಒಳಗಿನ ಪೆಟ್ಟಿಗೆಯಿಂದ ಕೊಡಿ ಅಂತ ಕೇಳಿ, ಕೊಡುತ್ತಾರೆ. ಪೊಟ್ಟಣದ ಹಿಂದೆ ಮೊಳಕೆ ಪರೀಕ್ಷೆಯ ತಾರೀಕು ನೋಡಿಕೊಳ್ಳಿ. ಬಿಲ್ ಅವರಾಗಿ ಕೊಡುವುದಿಲ್ಲ, ಕೇಳಿಯೇ ತಗೊಳ್ಳಿ.