ಭಂಗಿ ಎಲೆಯ ದೂಳಿಗೆ ಯಾವ ತಡೆ: ಮೂರು ಮುಖಗವಸು, ಒಂದು ಹೀರುಕೊಳವೆ

ಪುಣೆಯ ಭೋಸರಿಯಲ್ಲಿರುವ ಆಯುರ್ವೇದ ಔಷಧಿ ಘಟಕವೊಂದರಲ್ಲಿ ಪುಡಿ ವಿಭಾಗದ ಮೇಲ್ವಿಚಾರಣೆ ನನ್ನದು. ಪರವಾನಗಿಯ ಮೇಲೆ ಬರುವ ವಿಜಯಾ, ಅಂದರೆ ಗಾಂಜಾ ಗಿಡದ ಭಂಗಿ ಎಲೆಯನ್ನು ಇಲ್ಲಿ ಒಣಗಿಸಿ, ಅರೆದು, ಜರಡಿ ಹಿಡಿಯುತ್ತೇವೆ. ಕಲಬುರಗಿ ಕಡೆಯಿಂದ ಬಂದ ಸಹೋದ್ಯೋಗಿಯೊಬ್ಬರಿಗೆ ಮೊದಲು ಸೀನು, ಕಣ್ಣುರಿ, ಆಮೇಲೆ ರಾತ್ರಿಯ ಉಬ್ಬಸ ಶುರುವಾಯಿತು. ಗುರುವಾರದ ರಜೆಯಲ್ಲಿ ಹಗುರವಾಗುತ್ತಿದ್ದ ಎದೆ ಶುಕ್ರವಾರ ಯಂತ್ರದ ಮುಂದೆ ನಿಂತೊಡನೆ ಮತ್ತೆ ಬಿಗಿಯುತ್ತಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಗಾಂಜಾ ಅರೆಯುವ ಕೆಲಸದಲ್ಲಿದ್ದ 27 ವರ್ಷದ ಮಹಿಳೆಯೊಬ್ಬರು 2022ರ ಜನವರಿಯಲ್ಲಿ ಆಸ್ತಮಾದಿಂದ ತೀರಿಕೊಂಡದ್ದನ್ನು ಓದಿದ್ದ ನನಗೆ ಇದನ್ನು ನೆಗಡಿಯೆಂದು ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಹಾಗಾಗಿ ಒಂದೊಂದು ತಡೆಯನ್ನೂ ಎರಡೆರಡು ವಾರ ನಾನೇ ಧರಿಸಿ ನೋಡಿದೆ.

ಕಿವಿಗೆ ಸಿಕ್ಕಿಸುವ ಶಸ್ತ್ರಚಿಕಿತ್ಸೆಯ ಮಾಸ್ಕನ್ನು ಮೊದಲ ದಿನವೇ ಕೈಬಿಡಬಹುದಿತ್ತು. ಸಂಜೆ ಅದನ್ನು ತೆಗೆದಾಗ ಮೂಗಿನ ಎರಡೂ ಬದಿಗೆ ಹಸಿರು ಪುಡಿ ಕೂತಿರುತ್ತಿತ್ತು.

ಎನ್95 ಮಾಸ್ಕ್ ಸೂಕ್ಷ್ಮ ಕಣಗಳಲ್ಲಿ ಕನಿಷ್ಠ 95 ಶೇಕಡಾವನ್ನು ತಡೆಯುತ್ತದೆ, ಆದರೆ ಅದು ಮುಖಕ್ಕೆ ಬಿಗಿಯಾಗಿ ಕೂತಿದ್ದರೆ ಮಾತ್ರ. ತಲೆಯ ಹಿಂದೆ ಎರಡು ಪಟ್ಟಿಯಿರುವುದನ್ನೇ ಕೊಳ್ಳಬೇಕು, ಗಡ್ಡವಿದ್ದವರಿಗೆ ಅಂಚು ಕೂರುವುದಿಲ್ಲ, ಮಳೆಗಾಲದಲ್ಲಿ ಬೆವರಿಗೆ ಒದ್ದೆಯಾದರೆ ಉಸಿರಾಡುವುದೇ ಕಷ್ಟ. ಪಿ100 ಫಿಲ್ಟರುಗಳ ರಬ್ಬರಿನ ಅರೆಮುಖವಾಡ 99.97 ಶೇಕಡಾ ತಡೆಯುವುದಲ್ಲದೆ ಉಸಿರೂ ಸರಾಗ. ಅದರ ತೂಕ ಮತ್ತು ಮಾತು ಕೇಳಿಸದಿರುವ ತೊಂದರೆಯಿಂದಾಗಿ ಹುಡುಗರು ಅದನ್ನು ಪದೇ ಪದೇ ಕತ್ತಿಗೆ ಇಳಿಸುತ್ತಿದ್ದರು, ದಿನವೂ ತೊಳೆಯುವವರೂ ಇರಲಿಲ್ಲ. ಆದರೂ ಜರಡಿಯ ಕೆಲಸಕ್ಕೆ ಇವೆರಡರಲ್ಲಿ ನಾನು ಆರಿಸುವುದು ಇದನ್ನೇ.

ಇವೆಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ತಂದದ್ದು ಅರೆಯುವ ಯಂತ್ರದ ಬಾಯಿಗೇ ಕೂರಿಸಿದ ಹೀರುಕೊಳವೆ. ಅದರ ನಿರ್ವಾತ ಯಂತ್ರಕ್ಕೆ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇಲ್ಲದಿದ್ದರೆ ಒಂದು ಕಡೆ ಹೀರಿದ ನುಣ್ಣನೆಯ ದೂಳನ್ನು ಇನ್ನೊಂದು ಕಡೆ ಕೋಣೆಗೇ ಬಿಡುತ್ತದೆ. ನಮ್ಮ ಹಳೆಯ ಯಂತ್ರ ಮಾಡುತ್ತಿದ್ದುದೂ ಅದನ್ನೇ. ಫಿಲ್ಟರ್ ಬದಲಿಸಿ, ಪೊರಕೆ ಮತ್ತು ಗಾಳಿ ಊದುವ ಕೊಳವೆಯನ್ನು ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಒರೆಸತೊಡಗಿದ ಮೇಲೆ ಕಿಟಕಿಯ ಸರಳಿನ ಮೇಲಿನ ಹಸಿರು ಪದರ ಮಾಯವಾಯಿತು. ಮುಖಗವಸು ಒಬ್ಬರ ಮೂಗನ್ನಷ್ಟೇ ಕಾಯುತ್ತದೆ, ಈ ಕೊಳವೆ ಪಕ್ಕದಲ್ಲಿ ಚೀಲ ಹೊಲಿಯುವವರನ್ನೂ ಕಾಯುತ್ತದೆ. ಹಣ ಒಂದಕ್ಕೇ ಸಾಲುವುದಾದರೆ ನಾನು ಮೊದಲು ಹಾಕುವುದು ಇದಕ್ಕೆ.

ಒಮ್ಮೆ ಅಲರ್ಜಿ ಬೇರೂರಿದ ಮೇಲೆ ತೀರ ಕಡಿಮೆ ದೂಳೂ ಸಾಕಾಗುತ್ತದೆಯಾದ್ದರಿಂದ ಆ ಸಹೋದ್ಯೋಗಿಗೆ ಇವುಗಳಲ್ಲಿ ಯಾವುದೂ ನೆರವಾಗಲಿಲ್ಲ. ವೈದ್ಯರ ಸಲಹೆಯಂತೆ ಅವರನ್ನು ಅದೇ ಸಂಬಳದಲ್ಲಿ ಬೇರೆ ಕಟ್ಟಡದ ಲೇಬಲ್ ವಿಭಾಗಕ್ಕೆ ಕಳಿಸಿದೆವು. ಇನ್‌ಹೇಲರ್ ಈಗಲೂ ಅವರ ಜೇಬಿನಲ್ಲಿದೆ.