ಹೆಲಿಗನ್‌ಗೆ ಹೋದರೆ ಮೊದಲು ಗೋಡೆಯೊಳಗಿನ ತೋಟ ನೋಡಿ

ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಹೋದವರು ಸಾಮಾನ್ಯವಾಗಿ ಲಾಸ್ಟ್ ಗಾರ್ಡನ್ಸ್ ಆಫ್ ಹೆಲಿಗನ್ ಅನ್ನುವ ಹಳೇ ತೋಟಕ್ಕೂ ಹೋಗುತ್ತಾರೆ. ಟಿಕೆಟ್ ತಗೊಂಡು ಸೀದಾ 'ಜಂಗಲ್' ಅನ್ನುವ ಕಣಿವೆ ತೋಟದ ಕಡೆ ಇಳಿದುಬಿಡುವವರೇ ಜಾಸ್ತಿ. ಅಲ್ಲಿ ಹಗ್ಗದ ಸೇತುವೆ ಇದೆ, ದೊಡ್ಡ ದೊಡ್ಡ ಎಲೆಯ ಗಿಡಗಳಿವೆ, ಫೋಟೊ ಚೆನ್ನಾಗಿ ಬರುತ್ತವೆ. ಆದರೆ ನನ್ನನ್ನು ಕೇಳಿದರೆ, ಕೊಟ್ಟ ದುಡ್ಡು ಸಾರ್ಥಕ ಆಗುವುದು ಗೋಡೆ ಕಟ್ಟಿದ ತೋಟಗಳಲ್ಲಿ, ಅದರಲ್ಲೂ ಕರಬೂಜದಂಥ ಹಣ್ಣು ಬೆಳೆಯುವ ಅಂಗಳ ಮೆಲನ್ ಯಾರ್ಡ್‌ನಲ್ಲಿ.

ಇದು ಟ್ರೆಮೇನ್ ಮನೆತನದ ಎಸ್ಟೇಟ್. ಮೊದಲ ಮಹಾಯುದ್ಧಕ್ಕೆ ಮುಂಚೆ ತೋಟಕ್ಕೇ ಅಂತ 22 ಮಾಲಿಗಳಿದ್ದರು. ಅಷ್ಟು ಜನ ಯಾಕೆ ಬೇಕಿತ್ತು ಅಂತ ಗಾಜಿನ ಮನೆಗಳನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಒಂದೊಂದು ಗಾಜಿನ ಕೆಳಗಿನ ಅಂಚನ್ನೂ ಬಾಗಿಸಿ ಕತ್ತರಿಸಿದ್ದಾರೆ. ಮಳೆ ನೀರು ಮರದ ಪಟ್ಟಿಯ ಕಡೆ ಹೋಗದೆ ಗಾಜಿನ ನಡುವೆ ಇಳಿದು ಹೋಗಲಿ ಅಂತ. ಇಷ್ಟೆಲ್ಲ ಮಾಡಿದರೂ ಮರಕ್ಕೆ ಆಗಾಗ ಬಣ್ಣ ಹೊಡೆಯಬೇಕು, ಪುಟ್ಟಿ ಹಾಕಬೇಕು. ಒಂದು ಗಾಜು ಒಡೆದದ್ದನ್ನು ಹಾಗೇ ಬಿಟ್ಟರೆ ನೀರು ಒಳಗಿಳಿದು ಮರ ಕೊಳೆಯುತ್ತದೆ, ಮರ ಕೊಳೆತರೆ ಪಕ್ಕದ ಗಾಜೂ ಬೀಳುತ್ತದೆ, ಆ ಸಂದಿಯಲ್ಲಿ ಮುಳ್ಳುಬಳ್ಳಿ ನುಗ್ಗುತ್ತದೆ. ಇಟ್ಟಿಗೆ ಗೋಡೆ ಹಗಲಿನ ಬಿಸಿಲು ಹಿಡಿದಿಟ್ಟು ರಾತ್ರಿ ಗಿಡಕ್ಕೆ ಬೆಚ್ಚಗೆ ಮಾಡುತ್ತದೆ ನಿಜ, ಆದರೆ ನೋಡಿಕೊಳ್ಳುವ ಕೈ ಇಲ್ಲದಿದ್ದರೆ ಆ ಬೆಚ್ಚಗಿನ ಜಾಗದಲ್ಲಿ ಕಳೆಯೂ ಅಷ್ಟೇ ಸೊಂಪಾಗಿ ಬೆಳೆಯುತ್ತದೆ.

ಇಲ್ಲಿ ಆದದ್ದೂ ಅದೇ. ಮಾಲಿಗಳು ಯುದ್ಧಕ್ಕೆ ಹೋದರು, ಹಲವರು ವಾಪಸ್ ಬರಲಿಲ್ಲ. ಬಂಗಲೆ ಗಾಯಾಳು ಅಧಿಕಾರಿಗಳ ಆರೈಕೆಯ ಆಸ್ಪತ್ರೆಯಾಯಿತು. ಆಮೇಲೆ ಯಜಮಾನರು ಇಟಲಿಗೆ ಹೋಗಿ ನೆಲೆಸಿದರು, ಮನೆ ಬಾಡಿಗೆಗೆ ಹೋಯಿತು, ಎರಡನೇ ಯುದ್ಧದಲ್ಲಿ ಅಮೆರಿಕದ ಸೈನಿಕರು ಬಂದು ಇದ್ದರು, 1970ರ ದಶಕದಲ್ಲಿ ಅದೇ ಮನೆ ಫ್ಲ್ಯಾಟುಗಳಾಯಿತು. ಮನೆಗೆ ಯಾರಾದರೂ ಸಿಗುತ್ತಲೇ ಇದ್ದರು, ತೋಟವನ್ನು ಕೇಳುವವರಿರಲಿಲ್ಲ. 1990ರಲ್ಲಿ ಆ ಮನೆತನದ ಜಾನ್ ವಿಲ್ಲಿಸ್, ಅವರ ಜೊತೆ ಹೊರಗಿನವರಾದ ಟಿಮ್ ಸ್ಮಿಟ್ ಪೊದೆ ಕಡಿದುಕೊಂಡು ಒಳಗೆ ಹೋಗಿದ್ದರಿಂದ ಉಳಿಯಿತು. 1992ರಲ್ಲಿ ಜನರಿಗೆ ತೆರೆದರು.

ಮೆಲನ್ ಯಾರ್ಡ್‌ನಲ್ಲಿ ಅನಾನಸಿನ ಗುಂಡಿ ಇದೆ, ತಪ್ಪಿಸಬೇಡಿ. ಎರಡೂ ಬದಿಯ ಕಾಲುವೆಯಂಥ ಗುಂಡಿಗಳಲ್ಲಿ ಹಸಿ ಕುದುರೆ ಲದ್ದಿ ತುಂಬುತ್ತಾರೆ, ಅದು ಹುಳಿಯುವಾಗ ಬರುವ ಶಾಖ ಗೋಡೆಯ ಕಿಂಡಿಗಳಿಂದ ನಡುವಿನ ಗಿಡಕ್ಕೆ ತಲುಪುತ್ತದೆ. ನಮ್ಮ ಬನವಾಸಿ ಕಡೆ ಬಯಲಲ್ಲೇ ಬೆಳೆಯುವ ಹಣ್ಣಿಗೆ ಅಲ್ಲಿ ಇಷ್ಟು ಒದ್ದಾಟ! 1997ರಲ್ಲಿ ಇಲ್ಲಿನ ಹಣ್ಣೊಂದನ್ನು ರಾಣಿ ಎಲಿಜಬೆತ್ ಮದುವೆಯ 50ನೇ ವರ್ಷಕ್ಕೆ ಕಳಿಸಿದ್ದರು.

ಅದೇ ಅಂಗಳದ ಮೂಲೆಯಲ್ಲಿ ಮಾಲಿಗಳ ಹಳೇ ಕಕ್ಕಸು ಇದೆ. ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಅವರ ಹೆಸರುಗಳು, ಜೊತೆಗೆ 'ಆಗಸ್ಟ್ 1914', ಅಂದರೆ ಯುದ್ಧ ಶುರುವಾದ ತಿಂಗಳು. ಬರಹ ತುಂಬ ಮಾಸಿದೆ, ಬಗ್ಗಿ ಹುಡುಕಬೇಕು. ಹಾಗೇ ಬಿಟ್ಟಿರುವುದು ನನಗೆ ತುಂಬ ಹಿಡಿಸಿತು. ಉಳಿದ ತೋಟವೆಲ್ಲ ಈಗ ಎಷ್ಟು ಅಚ್ಚುಕಟ್ಟಾಗಿದೆ ಅಂದರೆ, ಇದು ಒಮ್ಮೆ ಪಾಳು ಬಿದ್ದಿತ್ತು ಅಂದರೆ ನಂಬೋದು ಕಷ್ಟ. ಯಾರು ಇಲ್ಲದೆ ತೋಟ ಪಾಳು ಬಿತ್ತು ಅನ್ನುವುದನ್ನು ಈ ಗೋಡೆಯೊಂದೇ ಹೇಳುತ್ತದೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಇದನ್ನು ಸ್ಮಾರಕ ಅಂತ ಗುರುತಿಸಿದೆ, ಸರಿಯಾಗಿಯೇ ಇದೆ.

ಹತ್ತಿರದ ರೈಲು ನಿಲ್ದಾಣ ಸೇಂಟ್ ಆಸ್ಟಲ್. ತರಕಾರಿ, ಹಣ್ಣು ತುಂಬಿರುವುದನ್ನು ನೋಡಬೇಕಿದ್ದರೆ ಬೇಸಿಗೆಯ ಕೊನೆಗೆ ಹೋಗಿ. ಜಂಗಲ್ ದಾರಿ ಕಡಿದಾದ ಇಳಿಜಾರು, ಮಂಡಿ ನೋವಿನ ಹಿರಿಯರಿದ್ದರೆ ಮೇಲಿನ ತೋಟಗಳಷ್ಟೇ ಸಾಕು. ಟಿಮ್ ಸ್ಮಿಟ್ ಅವರದೇ ಇನ್ನೊಂದು ಕೆಲಸ, ದೊಡ್ಡ ಗುಮ್ಮಟಗಳೊಳಗೆ ಗಿಡ ಬೆಳೆಸಿರುವ ಈಡನ್ ಪ್ರಾಜೆಕ್ಟ್ ಕೂಡ ಹತ್ತಿರದಲ್ಲೇ ಇದೆ, ಆದರೆ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಹೆಲಿಗನ್‌ಗೇ ಪೂರ್ತಿ ಒಂದು ದಿನ ಬೇಕು. ನನ್ನ ಕಡೆಯಿಂದ ಐದಕ್ಕೆ ಐದು.