‘ಬಾಡಿ ಕಾನ್ಫಿಡೆನ್ಸ್’ ಕಲಿಸುತ್ತೇವೆ ಅಂದರು, ನನ್ನ ಮಗಳು ಊಟ ಬಿಟ್ಟಳು

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ಆ ಕೋರ್ಸಿನ ಜಾಹೀರಾತು ಇವತ್ತು ಬೆಳಿಗ್ಗೆ ಮತ್ತೆ ನನ್ನ ಫೋನಿನಲ್ಲಿ ಬಂತು. ನೋಡಿ ಮೈಯೆಲ್ಲ ಉರಿದುಹೋಯಿತು.

ಮಗಳಿಗೆ 13 ವರ್ಷ. ಕಳೆದ ವರ್ಷ ಮುಟ್ಟು ಶುರುವಾಯಿತು, ಮೈ ತುಂಬಿಕೊಂಡಿತು. ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದಳು. ಸಡಿಲ ಬಟ್ಟೆ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ನೋಡಲಾಗದೆ ಒಂದು ಆನ್‌ಲೈನ್ ಕೋರ್ಸಿಗೆ ಸೇರಿಸಿದೆ. ‘ಹುಡುಗಿಯರಿಗೆ ತಮ್ಮ ದೇಹವನ್ನು ಪ್ರೀತಿಸಲು ಕಲಿಸುತ್ತೇವೆ’ ಎಂದಿದ್ದರು. 12 ವಾರದ ದುಡ್ಡು ಪೂರ್ತಿ ಮೊದಲೇ ಕಟ್ಟಿಸಿಕೊಂಡರು.

ಮೊದಲ ವಾರ ಚೆನ್ನಾಗಿಯೇ ಇತ್ತು. ಎರಡನೇ ವಾರ, ಸೊಂಟ, ತೊಡೆ, ತೋಳು ಅಳೆದು ಕಳಿಸಿ ಎಂದರು. ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ಬೇರೆ. ‘ಬದಲಾವಣೆ ಗೊತ್ತಾಗಬೇಕಲ್ವಾ ಮೇಡಂ?’ ಆ ಫೋಟೊ ತೆಗೆದದ್ದು ನಾನು. ನಾನೇ ತೆಗೆದು ಕಳಿಸಿದೆ. ದೇಹವನ್ನು ಪ್ರೀತಿಸಲು ಟೇಪು ಯಾಕೆ ಬೇಕು ಎಂದು ನನಗೆ ಆಗ ಹೊಳೆಯಲೇ ಇಲ್ಲ.

ನಾಲ್ಕನೇ ವಾರ ರಾತ್ರಿ ಊಟ ಬಿಟ್ಟಳು. ಕೇಳಿದರೆ ‘ಹಸಿವಿಲ್ಲ ಅಮ್ಮ’. ಆರನೇ ವಾರ ಅವಳ ಫೋನಿನಲ್ಲಿ ಅವರ ಗ್ರೂಪ್ ತೆರೆದು ನೋಡಿದೆ. ನನ್ನ ಮಗಳ ಫೋಟೊ. ಹೊಟ್ಟೆ, ತೊಡೆಗಳ ಸುತ್ತ ಕೆಂಪು ಗೆರೆ ಸುತ್ತಿದ್ದರು. ಕೆಳಗೆ ಟ್ರೇನರ್ ಬರೆದಿದ್ದರು, ‘ಇಲ್ಲಿ ಇನ್ನೂ ಕೆಲಸ ಇದೆ ಚಿನ್ನ.’ ಉಳಿದ ಹುಡುಗಿಯರೆಲ್ಲ ನೋಡುವ ಹಾಗೆ! ಅದಕ್ಕೆ ಇವಳ ಉತ್ತರ, ‘ಸಾರಿ ಮಿಸ್.’ ಸಾರಿ ಕೇಳಿದ್ದಾಳೆ. ತನ್ನ ಹೊಟ್ಟೆಗಾಗಿ ಸಾರಿ ಕೇಳಿದ್ದಾಳೆ.

ಕೈ ನಡುಗುತ್ತಿತ್ತು. ಆಗಲೇ ಫೋನ್ ಮಾಡಿದೆ.

‘ಮೇಡಂ, ಎರಡೂವರೆ ಕಿಲೋ ಇಳಿದಿದ್ದಾಳೆ. ನೀವು ಖುಷಿ ಪಡಬೇಕು.’

ತೂಕ ಇಳಿಸಿ ಎಂದು ನಾನು ಕೇಳಿದ್ದೆನಾ?

‘ತೂಕ ಇಳಿದರೆ ತಾನೇ ಕಾನ್ಫಿಡೆನ್ಸ್ ಬರೋದು?’

ದುಡ್ಡು ವಾಪಸ್ ಕೇಳಿದೆ. ಮಧ್ಯದಲ್ಲಿ ಬಿಟ್ಟರೆ ಕೊಡುವುದಿಲ್ಲವಂತೆ. ಹೋಗಲಿ, ಫೋಟೊಗಳನ್ನಾದರೂ ಅಳಿಸಿ ಎಂದೆ. ‘ನೀವೇ ಕಳಿಸಿದ್ದಲ್ವಾ ಮೇಡಂ?’ ಎಂದರು. ಆ ಮಾತಿಗೆ ನನ್ನ ಬಾಯಿ ಕಟ್ಟಿಹೋಯಿತು.

ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಕೋರ್ಸಿನವರು ಮಗಳಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 18.5ಕ್ಕೆ ತರಬೇಕು ಎಂದು ಗುರಿ ಕೊಟ್ಟಿದ್ದರು. ಡಾಕ್ಟರ್ ಕೇಳಿ ತಲೆ ಚಚ್ಚಿಕೊಂಡರು. 18.5 ದೊಡ್ಡವರ ಲೆಕ್ಕ. ಮಕ್ಕಳಿಗೆ ಹಾಗೆ ಒಂದೇ ಅಂಕಿ ಇರುವುದಿಲ್ಲ. ವಯಸ್ಸಿಗೆ ತಕ್ಕ ಹಾಗೆ, ಹುಡುಗ ಹುಡುಗಿಗೆ ಬೇರೆ ಬೇರೆ ಚಾರ್ಟ್ ಇದೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 19 ವರ್ಷದವರಿಗೆಂದೇ 2007ರಲ್ಲಿ ಮಾಡಿದ್ದು. ಅದರಲ್ಲಿ ಗುರುತು ಹಾಕಿ ತೋರಿಸಿದರು. ವರ್ಷಗಳಿಂದ ಒಂದೇ ಗೆರೆಯ ಜೊತೆ ಬೆಳೆಯುತ್ತಿದ್ದ ಮಗು ಈ ಆರು ವಾರದಲ್ಲಿ ಕೆಳಗೆ ಜಾರಿದ್ದಳು. ಮುಟ್ಟು ಶುರುವಾಗುವ ವಯಸ್ಸಿನಲ್ಲಿ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಬೆಳವಣಿಗೆ, ಕಾಯಿಲೆಯಲ್ಲ ಎಂದರು. ಇದೇ ವಯಸ್ಸಿನಲ್ಲಿ ಮೂಳೆ ಗಟ್ಟಿಯಾಗಬೇಕು, ಈಗ ಊಟ ಕಡಿಮೆ ಮಾಡಿದರೆ ಮುಟ್ಟೂ ನಿಲ್ಲಬಹುದು, ಮೂಳೆಗೂ ಪೆಟ್ಟು ಎಂದರು. ಡಯೆಟ್ ಮಾಡುವ ಹುಡುಗಿಯರಲ್ಲೇ ಊಟ ಬಿಡುವ, ಇಲ್ಲ ಮಿತಿಮೀರಿ ತಿನ್ನುವಂಥ ಕಾಯಿಲೆಗಳು ಜಾಸ್ತಿ ಶುರುವಾಗುತ್ತವೆಯಂತೆ. ಇದನ್ನೆಲ್ಲ ನಾನು ಮೊದಲೇ ಕೇಳಬೇಕಿತ್ತು.

‘ಪ್ರೀತಿಸಲು ಕಲಿಸುತ್ತೇವೆ’ ಎಂದು ಹೇಳಿ ಟೇಪು, ತೂಕ, ಫೋಟೊ ಕೇಳುವವರ ಹತ್ತಿರ ಮಗಳನ್ನು ಬಿಡಬೇಡಿ. ಯಾರು ಏನೇ ಹೇಳಲಿ, ಫೋಟೊ ಕಳಿಸಬೇಡಿ. ಗ್ರೂಪ್‌ನಲ್ಲಿ ಏನು ನಡೀತಿದೆ ಎಂದು ಮೊದಲ ದಿನದಿಂದಲೇ ನೋಡಿ, ನನ್ನ ಹಾಗೆ ಆರು ವಾರ ಕಾಯಬೇಡಿ. ಮನೆಯಲ್ಲಿ ‘ದಪ್ಪ ಆದೆ’, ‘ಸಣ್ಣ ಆದೆ’ ಎನ್ನುವ ಮಾತು ಬೇಡ, ನಿಮ್ಮ ಮೈ ಬಗ್ಗೆಯೂ ಬೇಡ. ನಾನು ದಿನಾ ಕನ್ನಡಿ ಮುಂದೆ ನನ್ನ ಹೊಟ್ಟೆ ಬೈದುಕೊಳ್ಳುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತಿದ್ದಳು.

ನಿನ್ನೆ ರಾತ್ರಿ ಅರ್ಧ ಊಟ ಮಾಡಿದಳು. ತಟ್ಟೆ ಎತ್ತುವಾಗ ‘ಫೋಟೊ ಅಳಿಸಿದ್ರಾ ಅಮ್ಮ?’ ಎಂದು ಕೇಳಿದಳು. ಮೂರು ಸಲ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.